ಇನ್ನೊಂದು ಬರೆದ್ರಾಯ್ತಲ್ಲ ಮೇಡಂ

"ನಿಮ್ಮದೇ ಅಲ್ವಾ ಮೇಡಂ, ಇನ್ನೊಂದು ಬರೆದ್ರಾಯ್ತು."

ಭಾನುವಾರ ಶಿವಮೊಗ್ಗದಲ್ಲಿ ನಮ್ಮ ಪ್ರದರ್ಶನದ ಉದ್ಘಾಟನೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ಸಂಘಟಕರು ಬಂದು ಈ ಮಾತು ಹೇಳಿದರು. ಮುಖ್ಯ ಅತಿಥಿಗೆ ನೆನಪಿನ ಕಾಣಿಕೆಯಾಗಿ ನನ್ನ ಚಿತ್ರವೊಂದನ್ನು ಕೊಡಬೇಕಂತೆ. ಯಾವುದನ್ನು ಅಂತಲೂ ಅವರೇ ಆರಿಸಿಯಾಗಿತ್ತು. ಬಾಗಿಲ ಎದುರಿನ ದೊಡ್ಡ ಚಿತ್ರ, ರಾತ್ರಿ ಅಡಿಕೆ ಸುಲಿಯುವ ಹೆಂಗಸರದ್ದು. ಅದನ್ನು ಗೋಡೆಯಿಂದ ಇಳಿಸೋಕೆ ಹುಡುಗನೊಬ್ಬ ಸ್ಟೂಲ್ ತಂದು ನಿಲ್ಲಿಸಿಕೊಂಡಿದ್ದ.

ಆಗಲ್ಲ ಸರ್ ಅಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಕೋಪಕ್ಕಿಂತ ಆಶ್ಚರ್ಯವೇ ಜಾಸ್ತಿ. ಅದನ್ನು ನೋಡಿಯೇ ನನಗೆ ಹೆಚ್ಚು ಬೇಜಾರಾಗಿದ್ದು.

ಅವರು ಕೆಟ್ಟವರಲ್ಲ. ಹಾಲ್ ಬಾಡಿಗೆ ಕಡಿಮೆ ಮಾಡಿಸೋಕೆ ಓಡಾಡಿದವರು ಅವರೇ. ಮೈಕಿನವನಿಗೆ, ಹೂವಿನವಳಿಗೆ, ಉಪ್ಪಿಟ್ಟು ಕೇಸರಿಬಾತಿನ ಭಟ್ಟರಿಗೆ ಕೈಯಾರೆ ಹಣ ಎಣಿಸಿ ಕೊಟ್ಟರು. ಭಟ್ಟರಿಗೆ "ನಿಮ್ಮದೇ ಅಡುಗೆ ಅಲ್ವಾ, ಇನ್ನೊಂದು ಪಾತ್ರೆ ಬೇಯಿಸಿದ್ರಾಯ್ತು, ದುಡ್ಡು ಯಾಕೆ" ಅಂತ ಅವರು ಯಾವತ್ತೂ ಹೇಳಲಾರರು. ಹೇಳಬೇಕು ಅಂತ ತೋಚುವುದೇ ಇಲ್ಲ. ಚಿತ್ರ ಬರೆಯುವವರ ವಿಷಯ ಬಂದಾಗ ಮಾತ್ರ ತೋಚುತ್ತದೆ. ಕಲೆ ಅಂದರೆ ಕೈಯಿಂದ ಸುಮ್ನೆ ಹರಿದು ಬರುವಂಥದ್ದು ಅಂತ ಅವರ ಮನಸ್ಸಿನಲ್ಲಿ ಕೂತಿದೆ.

ಆ ಚಿತ್ರ ಇನ್ನೊಂದು ಯಾಕೆ ಆಗಲ್ಲ ಅಂತ ಹೇಳುತ್ತೇನೆ.

ಅದರಲ್ಲಿರುವ ಕೆಂಪು ಅಂಗಡಿಯ ಬಣ್ಣ ಅಲ್ಲ, ಅಡಿಕೆ ಚೊಗರು. ಸುಲಿದ ಹಸಿ ಅಡಿಕೆ ಬೇಯಿಸಿದ ಹಂಡೆಯ ನೀರು. ಅದೇ ನೀರಿಗೆ ಮತ್ತೆ ಮತ್ತೆ ಅಡಿಕೆ ಹಾಕಿ ಬೇಯಿಸುವುದರಿಂದ ಸುಗ್ಗಿಯ ಮೊದಲಲ್ಲಿ ತೆಳ್ಳಗಿದ್ದದ್ದು ಹೋಗ್ತಾ ಹೋಗ್ತಾ ಗಟ್ಟಿಯಾಗುತ್ತದೆ, ಕಪ್ಪಾಗುತ್ತದೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಅನ್ನುವ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಇದೇ ಚೊಗರಿನ ಬಣ್ಣ ಹಾಕುತ್ತಾರೆ. ಅಲ್ಲಿ ನೋಡಿದ ಮೇಲೆಯೇ ನನಗೆ ಕಾಗದದ ಮೇಲೆ ಹಚ್ಚಿ ನೋಡೋಣ ಅನ್ನಿಸಿದ್ದು. ಹಚ್ಚಿದಾಗ ಒಂದು ಬಣ್ಣ, ಒಣಗಿದಾಗ ಇನ್ನೊಂದು, ತಿಂಗಳು ಕಳೆದರೆ ಮತ್ತೊಂದು. ಒಂದು ಪದರ ಒಣಗದೆ ಮೇಲೆ ಇನ್ನೊಂದು ಎಳೆದರೆ ಅಂಚು ಒಡೆದು ಹರಡುತ್ತದೆ. ಆ ವರ್ಷದ ಹಂಡೆ, ಆ ವಾರದ ಬಿಸಿಲು ಎರಡೂ ಆ ಕಾಗದದಲ್ಲಿವೆ. ಈ ವರ್ಷದ ಚೊಗರಿಗೆ ಆ ಕೆಂಪು ಬಂದಿಲ್ಲ.

ಆಮೇಲೆ ನಮ್ಮ ಮಳೆಗಾಲ. ಮಲೆನಾಡಿನಲ್ಲಿ ಚಿತ್ರ ಬರೆಯುವವರಿಗೆ ಬರೆಯುವುದು ಅರ್ಧ ಕೆಲಸ, ಬೂಸ್ಟಿನಿಂದ ಕಾಪಾಡುವುದು ಇನ್ನರ್ಧ. ಜೂನ್ ಬಂತೆಂದರೆ ಕಾಗದ ಮೆತ್ತಗಾಗುತ್ತದೆ. ಮೌಂಟ್ ಬೋರ್ಡ್ ಹಿಂದೆ ಬಿಳಿ ಚುಕ್ಕೆ ಏಳುತ್ತದೆ. ಅಲಮಾರಿಯೊಳಗೆ ಬಲ್ಬ್ ಉರಿಸಿಟ್ಟು, ವಾರಕ್ಕೊಮ್ಮೆ ಎಲ್ಲವನ್ನೂ ತೆಗೆದು ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಜೋಡಿಸಿಡಬೇಕು. ಮುಖ್ಯ ಅತಿಥಿಯ ಕೈಗೆ ಕೊಡೋಣ ಅಂದ ಚಿತ್ರ ಹೀಗೆ ಮಳೆಗಾಲ ದಾಟಿ ಬಂದದ್ದು. ಫ್ರೇಮಿನವನಿಗೆ ಕೊಟ್ಟ ಹಣ, ಗಾಜು ಒಡೆಯದ ಹಾಗೆ ಕಂಬಳಿ ಸುತ್ತಿ ಟೆಂಪೊದಲ್ಲಿ ತಂದ ಖರ್ಚು ಬೇರೆ. ಆ ಹಾಲ್‌ನಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಪೈಪಿನಿಂದ ನೈಲಾನ್ ದಾರ ಇಳಿಬಿಟ್ಟು, ಟ್ಯೂಬ್‌ಲೈಟ್ ಗಾಜಿನಲ್ಲಿ ಹೊಳೆಯದ ಹಾಗೆ ಒಂದೊಂದನ್ನೂ ತುಸು ಬಗ್ಗಿಸಿ ಕಟ್ಟುವಾಗ ಶನಿವಾರ ಮಧ್ಯರಾತ್ರಿ ಆಗಿತ್ತು.

ನಾನು ಒಪ್ಪದಿದ್ದಾಗ ಸಂಘಟಕರು ಇನ್ನೊಂದು ಮಾತು ಸೇರಿಸಿದರು. "ನಮ್ಮ ಕಡೆ ಹಸೆಗೋಡೆ ಬರೆಯೋರು ದುಡ್ಡು ಕೇಳ್ತಿದ್ರಾ ಮೇಡಂ?"

ಈ ಪ್ರಶ್ನೆ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಅದರಲ್ಲಿ ಒಂದಿಷ್ಟು ನಿಜ ಇದೆ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆ ಮನೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವಾಗ ಅದಕ್ಕೆ ಬೆಲೆಚೀಟಿ ಅಂಟಿಸುತ್ತಿರಲಿಲ್ಲ. ಅಕ್ಕಿ ಅರೆದ ಬಿಳಿ, ಹುರಿದ ಅಕ್ಕಿಯ ಕಪ್ಪು, ಕೆಮ್ಮಣ್ಣು, ಗುರಿಗೆ ಬೀಜದ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಎಳೆದ ಗೆರೆ. ಮುಂದಿನ ಮದುವೆಗೆ ಗೋಡೆ ಸಾರಿಸಿ ಹೊಸದಾಗಿ ಬರೆಯುತ್ತಿದ್ದರು. ಇನ್ನೊಂದು ಬರೆಯುವುದು ಅಂದರೆ ಅದು. ಆದರೆ ಆ ಗೋಡೆ ಅವರ ಮನೆಯದು, ನೆಂಟರ ಮನೆಯದು. ಇವತ್ತು ನೀನು ನನ್ನ ಮನೆಗೆ ಬಂದೆ, ನಾಳೆ ನಾನು ನಿನ್ನ ಮನೆಗೆ ಬರುತ್ತೇನೆ ಅನ್ನುವ ಲೆಕ್ಕ ಅಲ್ಲಿತ್ತು. ಹಸೆಗೋಡೆಯನ್ನು ಕಿತ್ತು ಯಾರೋ ದೊಡ್ಡವರ ಕಾರಿಗೆ ಹಾಕುತ್ತಿರಲಿಲ್ಲ. ಈಗ ಅದೇ ಹೆಣ್ಣುಮಕ್ಕಳಲ್ಲಿ ಕೆಲವರು ಬಟ್ಟೆ, ಕಾಗದದ ಮೇಲೆ ಚಿತ್ತಾರ ಬರೆದು ಮಾರುತ್ತಾರೆ. ಮಾರಲೇಬೇಕು. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಚಿತ್ತಾರವನ್ನು ಪುಕ್ಕಟೆ ಇಸಿದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕಾನೂನು ಕೂಡ ಚಿತ್ರವನ್ನು ಬರೀ ಸಾಮಾನು ಅಂತ ನೋಡುವುದಿಲ್ಲ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಶಿಲ್ಪಿ ಅಮರನಾಥ ಸೆಹಗಲ್ ಮಾಡಿದ್ದ ಕಂಚಿನ ಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದರು. ಅದಕ್ಕೆ ಸರ್ಕಾರ ದುಡ್ಡು ಕೊಟ್ಟಾಗಿತ್ತು, ಅದು ಸರ್ಕಾರದ್ದೇ. ಆದರೂ ಮಾಡಿದವನ ಹಕ್ಕು ಮುಗಿಯುವುದಿಲ್ಲ ಅಂತ 2005ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಉಳಿದದ್ದನ್ನು ಅವರಿಗೆ ವಾಪಸ್ ಕೊಡಿ, 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿ ಅಂದಿತು. ದುಡ್ಡು ಕೊಟ್ಟು ಕೊಂಡವರಿಗೇ ಹೀಗಾದರೆ, ಕೊಡದೇ ಇಳಿಸಿಕೊಂಡು ಹೋಗೋಕೆ ಸ್ಟೂಲ್ ತಂದವರಿಗೆ ಏನು ಹೇಳೋಣ?

ಕೊನೆಗೆ ಅತಿಥಿಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟರು. ಅವರು ಸಂತೋಷವಾಗಿಯೇ ತೆಗೆದುಕೊಂಡು ಹೋದರು. ಸಂಘಟಕರು ಮಾತ್ರ ಸಂಜೆವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ಮಂಗಳವಾರ ಮಧ್ಯಾಹ್ನ ಹಾಲ್ ಖಾಲಿ ಇತ್ತು. ಚಿಕ್ಕಮ್ಮನ ಮನೆಗೆ ಅಡಿಕೆ ಸುಲಿಯೋಕೆ ಬರುವ ಅಕ್ಕ ಮಗನ ಜೊತೆ ಬಂದಿದ್ದರು. ಆಸ್ಪತ್ರೆ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದವರು ಹಾಗೇ ನೋಡಿಕೊಂಡು ಹೋಗೋಣ ಅಂತ. ಆ ದೊಡ್ಡ ಚಿತ್ರದಲ್ಲಿ ಎಡಗಡೆ ಮೆಟ್ಟುಗತ್ತಿಯ ಮುಂದೆ ಕೂತವರು ಅವರೇ. ಮುಖ ಪೂರ್ತಿ ಕಾಣುವುದಿಲ್ಲ, ಬೆನ್ನಿನ ಮೇಲೆ ಬಲ್ಬಿನ ಬೆಳಕು ಬಿದ್ದಿದೆ. ಅವರು ಮುಖ ಹುಡುಕಲಿಲ್ಲ. ನೇರವಾಗಿ ಕೈ ನೋಡಿದರು. ಚೊಗರು ಹತ್ತಿ ಕಪ್ಪಾದ ಹೆಬ್ಬೆರಳು, ಅದಕ್ಕೆ ಸುತ್ತಿದ ಬಟ್ಟೆ ಚೂರು. "ನಾನೇ" ಅಂದರು.

ಆಮೇಲೆ ಪಕ್ಕದ ಚೀಟಿ ತೋರಿಸಿ ಎಷ್ಟು ಅಂತ ಬರೆದಿದೆ ಅಂದರು. ಹದಿನೆಂಟು ಸಾವಿರ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಸುಲಿದ ಅಡಿಕೆ ಎಷ್ಟು ಡಬ್ಬ ಆಯಿತೋ ಅಷ್ಟಕ್ಕೆ ದುಡ್ಡು. ಹದಿನೆಂಟು ಸಾವಿರಕ್ಕೆ ಎಷ್ಟು ಡಬ್ಬ ಅಂತ ಮನಸ್ಸಿನಲ್ಲೇ ಎಣಿಸುತ್ತಿದ್ದಾರೆ ಅನ್ನಿಸಿತು. ಹೇಳಿದ್ದು ಇಷ್ಟೇ: "ಬರಬೇಕು ಬಿಡಿ. ನೀವೂ ನಮ್ಮ ಜೊತೆ ಬೆಳಗಿನ ಜಾವದವರೆಗೆ ಕೂತಿರ್ತಿದ್ರಲ್ಲ."

ಇಷ್ಟು ಓದಿಕೊಂಡವರು, ಇಷ್ಟು ಭಾಷಣ ಕೇಳಿದವರು ಯಾರೂ ಈ ಮಾತು ಹೇಳಿರಲಿಲ್ಲ. ಅವರಿಗೆ ಕಂಡದ್ದು ರಾತ್ರಿ ಎದ್ದು ಕೂತು ಮಾಡಿದ ಕೆಲಸ. ಕೆಲಸ ಅಂದಮೇಲೆ ಕೂಲಿ. ಅವರ ಕೂಲಿ ಸಾಕಷ್ಟಿದೆಯಾ ಅನ್ನುವುದು ಬೇರೆಯೇ ಮಾತು. ಇಲ್ಲ ಅಂತಲೇ ನನ್ನ ಅಭಿಪ್ರಾಯ. ಅವರ ಬೆನ್ನು, ಅವರ ಹೆಬ್ಬೆರಳು ಇಲ್ಲದಿದ್ದರೆ ಈ ಚಿತ್ರವೂ ಇಲ್ಲ.

ಆ ದೊಡ್ಡ ಚಿತ್ರಕ್ಕಿಂತ ಮೊದಲು ಅವರ ಕೈಯನ್ನಷ್ಟೇ ಬರೆದ ಒಂದು ಚಿಕ್ಕ ಚಿತ್ರ ಒಳಗಿನ ಸಾಲಿನಲ್ಲಿತ್ತು. ಇಳಿಸಿ, ಪೇಪರ್ ಸುತ್ತಿ ಅವರಿಗೆ ಕೊಟ್ಟೆ. ಅವರು ಕೇಳಿರಲಿಲ್ಲ. ಬೇಡ ಬೇಡ ಅಂತ ಎರಡು ಸಲ ಅಂದು, ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡರು. ಟ್ರಂಕಿನಲ್ಲಿ ಇಡ್ತೀನಿ ಅಂದರು. ಟ್ರಂಕಿನಲ್ಲಿ ಬೇಡ, ಬೂಸ್ಟು ಬರುತ್ತೆ, ಮಳೆ ಹೊಡೆಯುವ ಪಡುವಣ ಗೋಡೆಗೂ ಬೇಡ, ಒಳಗಿನ ಗೋಡೆಗೆ ಹಾಕಿ ಅಂತ ಅವರ ಮಗನಿಗೆ ಹೇಳಿ ಕಳಿಸಿದ್ದೇನೆ.