ಮಳೆ ಹೊಳವಾಗೋದು ಬೇಡ

ಜೂನ್ 22, 2025, ಭಾನುವಾರ ರಾತ್ರಿ

ಇವತ್ತು ಆರಿದ್ರಾ ಹಿಡಿಯಿತು. ಹಿಡಿಯಿತು ಅಂತ ಏನು, ಮೃಗಶಿರಾ ಬಿಟ್ಟಿದ್ದೇ ಇಲ್ಲ. ಅತ್ತೆ ಬೆಳಿಗ್ಗೆಯಿಂದ ಜಗಲಿಯಲ್ಲಿ ಕೂತು ಒಂದೇ ಜಪ, ಎರಡು ದಿನ ಮಳೆ ಬಿಟ್ಟು ಹೊಳವಾಗಲಿ, ಔಷಧಿ ಹೊಡೆದು ಮುಗೀಲಿ ಅಂತ. ಅರ್ಧ ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಬಿದ್ದಿದೆ, ಇನ್ನರ್ಧ ಹಾಗೇ ಇದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬಂದ, ಆಕಾಶ ನೋಡಿದ, ಚಾ ಕುಡಿದು ಹೋದ. ಅಡಿಕೆಗೆ ಕೊಳೆರೋಗ ಬಂದರೆ ಏನಾಗುತ್ತೆ ಅಂತ ನನಗೂ ಗೊತ್ತು. ಆದರೂ ಮಳೆ ನಿಲ್ಲೋದು ಬೇಡ ಅಂತ ಒಳಗೊಳಗೇ ಅಂದುಕೊಳ್ಳುತ್ತಿದ್ದೇನೆ. ಈ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ.

ತವರಿನ ಬದುವಿನ ಹುಣಸೆಮರ ಏಪ್ರಿಲ್ ಕೊನೆಯ ಗಾಳಿಗೆ ಮುರಿದಿದ್ದು ಬರೆದಿದ್ದೆನಲ್ಲ. ಸೊಂಟದ ಎತ್ತರ ಬುಡ ಉಳಿದು ಮೇಲಿನದೆಲ್ಲ ಗದ್ದೆಗೆ ಮಲಗಿತ್ತು. ತಮ್ಮ ನನಗೆ ಹೇಳಿದ್ದೇ ಹತ್ತು ದಿನ ಬಿಟ್ಟು. ಅಷ್ಟರಲ್ಲಿ ಯಾರೋ ಕೊಂಡು, ಕೊಯ್ದು, ಸಾಗಿಸಿಯೂ ಆಗಿತ್ತು. ಚೇಗು ಕಬ್ಬಿಣದ ಹಾಗಿತ್ತಂತೆ, ಗರಗಸ ಎರಡು ಸಲ ಮಸೆದರಂತೆ, ಮಾಂಸದಂಗಡಿಯ ಕೊರಡಿಗೆ ಒಳ್ಳೆ ರೇಟು ಸಿಕ್ಕಿತಂತೆ. ಪೆನ್ಸಿಲ್ ದಪ್ಪದ ನಾಲ್ಕು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿಗೆ ಕೊಡೋಕೆ ಏನಾಗಿತ್ತು ನಿನಗೆ ಅಂದರೆ, "ಯಾಕೆ, ನಿಮ್ಮ ಕಡೆ ಸೌದೆ ಇಲ್ವಾ?" ಅಂದ. ಕಸಿ ಅಂದರೆ ಮಾವಿಗೆ, ಗುಲಾಬಿಗೆ ಮಾತ್ರ ಅಂದುಕೊಂಡಿದ್ದಾನೆ ಪುಣ್ಯಾತ್ಮ.

ಆಮೇಲೆ ನೆನಪಾಗಿದ್ದು ಚನ್ನೆಮಣೆ ಆಟದ ಚೀಲ. ಅದರೊಳಗಿನ ಬೀಜ ಆ ಮರದ್ದೇ, ಹೋದ ವರ್ಷ ಹಣ್ಣು ಕುಟ್ಟಿದಾಗ ಅಪ್ಪಯ್ಯ ಆರಿಸಿ ಕೊಟ್ಟಿದ್ದು. 14 ಗುಳಿಗೆ ಐದರಂತೆ 70 ಬೀಜ. ಸಿಪ್ಪೆ ಗಟ್ಟಿ ಅಂತ ಒಂದೊಂದನ್ನೂ ಅಂಗಳದ ಕಲ್ಲಿಗೆ ತಿಕ್ಕಿದೆ. ಚಿಕ್ಕವರಿದ್ದಾಗ ಹೀಗೇ ತಿಕ್ಕಿ ಬಿಸಿ ಮಾಡಿ ತಮ್ಮನ ತೋಳಿಗೆ ಚುರುಕ್ ಅನ್ನಿಸುತ್ತಿದ್ದೆ, ಈಗ ಹತ್ತಿರ ಇದ್ದಿದ್ದರೆ ಇನ್ನೊಂದು ಇಡುತ್ತಿದ್ದೆ. ರಾತ್ರಿಯಿಡೀ ನೆನೆಹಾಕಿ, ಮರಳು ಗೊಬ್ಬರ ಬೆರೆಸಿದ ಪ್ಯಾಕೆಟ್‌ಗಳಿಗೆ ಊರಿದೆ. 31 ಎದ್ದವು. ಮಳೆಗಾಲದಲ್ಲಿ ಚನ್ನೆಮಣೆಗೆ ಬೀಜ ಇಲ್ಲ ಅಂತ ಅತ್ತೆಗೆ ಇನ್ನೂ ಸಿಟ್ಟು. ಕವಡೆ ಹಾಕಿ ಆಡಿ ಅಂದರೆ ಅದು ಕೈಗೆ ಕೂರಲ್ಲವಂತೆ.

31ರಲ್ಲಿ ಈಗ ಉಳಿದಿದ್ದು 19. ಬುಡ ಕಂದುತ್ತೆ, ದಾರದ ಹಾಗೆ ಸಣ್ಣಗಾಗುತ್ತೆ, ಮಲಗಿಬಿಡುತ್ತೆ. ಹುಣಸೆಗೆ ಬುಡದಲ್ಲಿ ನೀರು ನಿಂತರೆ ಆಗಲ್ಲ. ಮೂಲ ಆಫ್ರಿಕಾದ್ದು, ವರ್ಷದಲ್ಲಿ ನಾಲ್ಕಾರು ತಿಂಗಳು ಚೆನ್ನಾಗಿ ಒಣಗಿದರೇ ಅದಕ್ಕೆ ಸುಖ. ಶಿಕಾರಿಪುರದ ಆಚೆ ಸರಿ, ಇಲ್ಲಿ ಹೊಸನಗರದ ಮಳೆಗೆ ಪಾಪ ಅದೇನು ಮಾಡೀತು. ನಮ್ಮ ಕಡೆಯವರು ಹುಳಿಗೆ ವಾಟೆ, ಉಪ್ಪಾಗೆ, ಮುರುಗಲು ಅಂತ ಬೇರೆ ದಾರಿ ಹಿಡಿದಿದ್ದು ಸುಮ್ನೆ ಅಲ್ಲ ಅನ್ನಿಸುತ್ತೆ.

ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವ ಪಕ್ಕದ ಮನೆ ಹುಡುಗಿ ಮಧ್ಯಾಹ್ನ ಬಂದಿದ್ದಳು. ಸಸಿ ನೋಡಿ, "ಅಕ್ಕಾ, ಬದುಕಿದ್ರೂ ಅದೇ ಹಣ್ಣು ಬರುತ್ತೆ ಅಂತ ಇಲ್ಲ. ಬೇರೆ ಮರದ ಪರಾಗ ಸೇರಿರುತ್ತೆ. ಫಲಕ್ಕೆ ಎಂಟು ಹತ್ತು ವರ್ಷವಾದ್ರೂ ಬೇಕು, ಕಸಿ ಆದ್ರೆ ನಾಲ್ಕೈದು" ಅಂದಳು. ಅಪ್ಪಯ್ಯನಿಗೆ 78. ನಾನು ಮಾತಾಡಲಿಲ್ಲ. ಆಮೇಲೆ ಅವಳೇ ಕೇಳಿದಳು, "ಬುಡ ಇದ್ಯಾ? ಇದ್ರೆ ಅದು ಚಿಗುರುತ್ತೆ. ಆ ಚಿಗುರು ಅದೇ ಮರ ಅಲ್ವಾ." ಎರಡು ತಿಂಗಳಾಯಿತು, ನನಗೆ ಇದು ಹೊಳೆದೇ ಇರಲಿಲ್ಲ! ಚಿಗುರು ಕಡ್ಡಿಯಾಗಿ ಬಲಿತರೆ ಈ ಸಸಿಗಳ ಮೇಲೇ ಕಸಿ ಕೂರಿಸಬಹುದು.

ಅವಳು ಅತ್ತ ಹೋಗಿದ್ದೇ ಫೋನ್ ಮಾಡಿದೆ.

"ಅಪ್ಪಯ್ಯ, ಬುಡ ಹಾಗೇ ಇದ್ಯಾ?"

"ಇದೆ. ಜೆಸಿಬಿಗೆ ಹೇಳಿಯಾಗಿದೆ. ಗದ್ದೆಗೆ ಇಳಿದ್ರೆ ಹೂತುಹೋಗುತ್ತೆ, ಹೊಳವಾದ ಕೂಡ್ಲೇ ಬರ್ತಾನಂತೆ."

"ಅದ್ಯಾಕೆ ತೆಗೆಸೋದು?"

"ನಿನ್ನ ತಮ್ಮ ಅಲ್ಲಿ ಅಡಿಕೆ ಹಾಕ್ತಾನಂತೆ. ಹುಣಸೆ ನೆರಳಲ್ಲಿ ಏನೂ ಏಳಲ್ಲ ಅಂತಾನೆ. ಅದೇನು ಸುಳ್ಳಲ್ಲ ಬಿಡು."

"ಚಿಗುರಿದ್ಯಾ ನೋಡಿದ್ರಾ?"

ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಮಳೆ ಸದ್ದು.

"ಮೂರು ಕಡೆ ಬಂದಿದೆ" ಅಂದರು. ದನಿ ಸಣ್ಣದಾಗಿತ್ತು. "ಕೆಂಪಗೆ. ಆಡು ತಿನ್ನುತ್ತೆ ಅಂತ ಒಂದು ಹೊರೆ ಕಾರೆಮುಳ್ಳು ಮುಚ್ಚಿದೀನಿ. ಇವನಿಗೆ ಹೇಳಿಲ್ಲ. ನಿನ್ನಮ್ಮ ಇದ್ದಿದ್ರೆ ಅದನ್ನೂ ಚಿವುಟಿ ತಂಬುಳಿ ಮಾಡ್ತಿದ್ಲು ಮಾರಾಯ್ತಿ."

ನಕ್ಕರು. ನಾನೂ ನಕ್ಕೆ. ತಮ್ಮನ ಹತ್ತಿರ ನಾನು ಮಾತಾಡಲಾ ಅಂದೆ. ಬೇಡ, ಸುಮ್ನೆ ಜಗಳ, ಮಳೆ ಇದೆಯಲ್ಲ ಅಂದರು. ಅಂದರೆ ಅವರೂ ಮಳೆಯನ್ನೇ ನಂಬಿ ಕೂತಿದ್ದಾರೆ.

ದೇವನಹಳ್ಳಿ ಹತ್ತಿರ ನಲ್ಲೂರಿನ ಹುಣಸೆ ತೋಪಿಗೆ ಒಮ್ಮೆ ಹೋಗಿದ್ದೆ. 54 ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಗಿದ್ದು ಅದೇ. ಕಾಂಡದ ಒಳಗೆ ಟೊಳ್ಳು, ಹೊರಗೆ ಹಸಿರು, ಎಂಥಾ ಮರಗಳು! ಅವಕ್ಕೆ ಸರ್ಕಾರದ ಕಾವಲು. ನಮ್ಮದಕ್ಕೆ ಒಂದು ಹೊರೆ ಕಾರೆಮುಳ್ಳು. ಅದನ್ನು ಜೆಸಿಬಿ ಏನು ಲೆಕ್ಕ ಇಡುತ್ತೆ.

ನನ್ನ ಪಾಡು ನೋಡಿ. ಮಳೆ ನಿಂತರೆ ಬುಡ ಹೋಗುತ್ತೆ. ನಿಲ್ಲದಿದ್ದರೆ ಸಸಿ ಕೊಳೆಯುತ್ತೆ, ತೋಟವೂ ಕೊಳೆಯುತ್ತೆ.

ಈಗ ಹತ್ತೂವರೆ. ಪ್ಯಾಕೆಟ್‌ಗಳನ್ನೆಲ್ಲ ಕೊಟ್ಟಿಗೆ ಸೂರಿನಡಿ ಸಾಗಿಸಿ ಬಂದೆ. ಅಡಿಯಲ್ಲಿ ಇನ್ನೆರಡು ತೂತು ಚುಚ್ಚಿದ್ದೇನೆ. ಟಾರ್ಚ್ ಬಿಟ್ಟು ನೋಡಿದರೆ 19ಕ್ಕೆ 19ರದ್ದೂ ಎಲೆ ಮಡಿಚಿಕೊಂಡಿದೆ. ರಾತ್ರಿ ಹುಣಸೆ ಎಲೆ ಮಡಿಚುತ್ತೆ, ಗೊತ್ತು. ಆದರೆ ಯಾವುದು ಮಲಗಿದ್ದು, ಯಾವುದು ಹೋಗಿದ್ದು ಅಂತ ಬೆಳಗಾಗದೆ ಗೊತ್ತಾಗಲ್ಲ. ಎರಡರ ಬುಡ ಮುಟ್ಟಿ ನೋಡಿದೆ, ಗಟ್ಟಿ ಇದೆ. ಮೂರನೆಯದನ್ನು ಮುಟ್ಟುವಾಗ ಅತ್ತೆ ಒಳಗಿಂದ ಕೂಗಿದರು, "ಹೊಳವಾದ ಹಾಗಿದೆ ಅಲ್ವನೇ, ನೋಡು."

ಇಲ್ಲ ಅತ್ತೆ, ಬರ್ತಾನೇ ಇದೆ ಅಂದೆ. ಸೂರಿಂದ ಹನಿ ಬೀಳುತ್ತಿದ್ದಿದ್ದೇನೋ ಹೌದು, ಆದರೆ ಅದು ಹಂಚಿನ ಮೇಲೆ ಉಳಿದ ನೀರೋ ಅಥವಾ