ಕೈಗೆ ಬಂದ ತುತ್ತು

2023ರ ನವೆಂಬರ್ 20, ಸೋಮವಾರ ರಾತ್ರಿ. ಪಕ್ಕದ ಮನೆ ಅಜ್ಜಿಯ ಬೇಸ್‌ಮೆಂಟಿನಲ್ಲಿ ಏಳು ಜನ ಟೀವಿ ಮುಂದೆ ಕೂತಿದ್ದೆವು. ನಮ್ಮ ಕಾನ್ಸಾಸ್ ಸಿಟಿ ಚೀಫ್ಸ್‌ಗೂ ಫಿಲಡೆಲ್ಫಿಯಾ ಈಗಲ್ಸ್‌ಗೂ ಪಂದ್ಯ. ಇಲ್ಲೇ ಆರೋಹೆಡ್ ಸ್ಟೇಡಿಯಂನಲ್ಲಿ, ಮಳೆಯಲ್ಲಿ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಓಡಿಹೋಗಿ ಹಿಡಿಯುವವರು ರಿಸೀವರ್‌ಗಳು. ನಮ್ಮ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಆ ವರ್ಷ ಅವನು ಎಸೆದ ಚೆಂಡು ಪದೇ ಪದೇ ಕೈಜಾರುತ್ತಿತ್ತು. ಮೊದಲ ಪಂದ್ಯದಲ್ಲೇ ನಮ್ಮ ರಿಸೀವರ್ ಟೋನಿಯ ಕೈಯಿಂದ ಪುಟಿದ ಚೆಂಡನ್ನು ಎದುರಾಳಿ ಡೆಟ್ರಾಯಿಟ್‌ನವನು ಹಿಡಿದು, ನಮ್ಮ ಕೊನೆಯ ಗೆರೆ ದಾಟುವವರೆಗೂ ಓಡಿ ಟಚ್‌ಡೌನ್ ಮಾಡಿದ್ದ. ನಾವು ಸೋತಿದ್ದು ಒಂದೇ ಪಾಯಿಂಟಿನಿಂದ! ಆ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ.

"ಅಂಥ ರಿಸೀವರ್ ಟೈರೀಕ್ ಹಿಲ್‌ನನ್ನು ಮಯಾಮಿ ತಂಡಕ್ಕೆ ಬಿಟ್ಟುಕೊಟ್ಟಿದ್ದೇ ತಪ್ಪು. ಈಗಿರೋರ ಕೈಯಲ್ಲಿ ಏನೂ ನಿಲ್ಲಲ್ಲ" ಎಂದ ಅಜ್ಜಿಯ ಅಳಿಯ. ಅಜ್ಜಿ ಒಪ್ಪಲಿಲ್ಲ. "ಮಹೋಮ್ಸ್ ಈಗಷ್ಟೇ ಎದುರಾಳಿ ಕೈಗೆ ಎಸೆದನಲ್ಲ, ಅದಕ್ಕೂ ರಿಸೀವರ್‌ಗಳೇ ಕಾರಣವಾ?"

ಅರ್ಧ ಪಂದ್ಯಕ್ಕೆ 17-7 ಮುಂದಿದ್ದೆವು. ಆಮೇಲೆ ಒಂದು ಪಾಯಿಂಟೂ ಬರಲಿಲ್ಲ. ಮಹೋಮ್ಸ್ ಹೆಚ್ಚು ನಂಬುವ ಕೆಲ್ಸಿ ಕೂಡ ಚೆಂಡು ಕಳೆದುಕೊಂಡ. 21-17ರಿಂದ ಹಿಂದಿದ್ದಾಗ, ಕೊನೆಯ ನಿಮಿಷಗಳಲ್ಲಿ ಮಹೋಮ್ಸ್ ಉದ್ದಕ್ಕೆ ಎಸೆದ. ನಮ್ಮ ರಿಸೀವರ್ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಎದುರಾಳಿಗಳನ್ನು ಹಿಂದೆ ಹಾಕಿ ಓಡಿದ್ದ. ಚೆಂಡು ನೇರ ಅವನ ಎರಡೂ ಕೈಗೆ ಬಂತು. ಜಾರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಳಿಯ ಕೂಗಾಡಿದ. ನನಗೂ ಸಿಟ್ಟು ಬಂದಿತ್ತು. ಅಜ್ಜಿ ಎದ್ದು ಹೋಗಿ ಮೊಮ್ಮಗನ ಹಳೇ ಚೆಂಡನ್ನು ಸಿಂಕಿನ ನಲ್ಲಿ ಕೆಳಗೆ ಹಿಡಿದು ತಂದು ನನ್ನ ಕೈಗಿಟ್ಟರು. ಎರಡೂ ತುದಿ ಚೂಪು, ನೆಂದ ಚರ್ಮ, ಪಾಚಿಗಟ್ಟಿದ ಕಲ್ಲಿನ ಹಾಗೆ ನುಣುಪು. ಸುಮ್ನೆ ಹಿಡಿದುಕೊಳ್ಳಲೂ ಬೆರಳು ಬಿಗಿ ಮಾಡಬೇಕು. ಓಡುತ್ತಾ, ತಲೆ ಮೇಲಿಂದ ಬರುವುದನ್ನು ಹಿಡಿಯಬೇಕು ಅಂದರೆ? "ಹಿಡಿಯಬೇಕಿತ್ತು, ನಿಜ" ಎಂದರು ಅಜ್ಜಿ. "ಆದರೆ ಅಷ್ಟು ದೂರ ಒಬ್ಬನೇ ಓಡಿ ಕೈ ಚಾಚಿದ್ದು ಯಾರು? ಅವನೇ ಅಲ್ವಾ? ಮತ್ತೆ ಅವನಿಗೇ ಎಸೆಯಬೇಕು."

ಜನವರಿಯಲ್ಲಿ ಬಾಲ್ಟಿಮೋರ್ ವಿರುದ್ಧ ಪಂದ್ಯ, ಗೆದ್ದವರು ಸೂಪರ್ ಬೌಲ್ ಎಂಬ ಫೈನಲ್‌ಗೆ. ಅದೇ ಬೇಸ್‌ಮೆಂಟ್, ಅದೇ ಏಳು ಜನ. ಚೆಂಡು ಬಿಟ್ಟುಕೊಡದೆ ಉಳಿದ ಸಮಯ ಕಳೆದು ಗೆಲ್ಲಬೇಕಾದ ಹೊತ್ತಿನಲ್ಲಿ ಮಹೋಮ್ಸ್ ಮತ್ತೆ ಅವನಿಗೇ ಎಸೆದ. ಮೂವತ್ತೆರಡು ಗಜ. ಈ ಸಲ ಹಿಡಿದ. 17-10ಕ್ಕೆ ಗೆದ್ದೆವು.

ಅಜ್ಜಿ ಏನೂ ಹೇಳಲಿಲ್ಲ. ಅಳಿಯನ ಕಡೆ ತಿರುಗಿ ಎರಡೂ ಅಂಗೈ ಚಾಚಿ ಹಾಗೇ ಕೂತಿದ್ದರು. ಅವನು ಬಂದು ಅಪ್ಪಿಕೊಂಡ.