ಎರಡು ಸಲ ಕೆಲಸ ಹೋದರೂ ಫೌಂಡ್ರಿ ಯಾಕೆ ಬಿಡಲಿಲ್ಲ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ, ಹೊಸದಾಗಿ ಸೇರಿದ ಹುಡುಗರು ಚಹಾದ ಹೊತ್ತಿಗೆ ಕೇಳುವುದು ಇದನ್ನೇ. "ಅಣ್ಣಾ, ನಿಮ್ಮನ್ನ ಎರಡು ಸಲ ಮನಿಗೆ ಕಳಿಸ್ಯಾರ. ಆದ್ರೂ ಇದ ಲೈನ್‌ನ್ಯಾಗ ಹೆಂಗ ಅದೀರಿ?" ನಿಜ, 2009ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ. ಫೌಂಡ್ರಿ ಬೇರೆ ಬೇರೆ, ಹೇಳಿದ ಮಾತು ಒಂದೇ: "ಆರ್ಡರ್ ಶೆಡ್ಯೂಲ್ ಇಲ್ಲ, ಬಂದಾಗ ಫೋನ್ ಮಾಡ್ತೀವಿ."

ನನ್ನ ಉತ್ತರ ಇಷ್ಟೇ. ಓಟಿ, ಅಂದರೆ ಓವರ್‌ಟೈಮ್ ದುಡ್ಡನ್ನು ಸಂಬಳ ಅಂತ ಎಣಿಸುವುದನ್ನು ಬಿಟ್ಟೆ, ಅದಕ್ಕೇ ಉಳಿದೆ.

ಬೆಳಗಾವಿಯ ಫೌಂಡ್ರಿಗಳಲ್ಲಿ ಲಾರಿ, ಟ್ರ್ಯಾಕ್ಟರ್, ಪಂಪುಗಳ ಬಿಡಿಭಾಗ ಎರಕ ಹೊಯ್ಯುತ್ತೇವೆ. ಎಲ್ಲೋ ದೂರದಲ್ಲಿ ಲಾರಿ ಮಾರಾಟ ನಿಂತರೆ ಇಲ್ಲಿ ಮೋಲ್ಡಿಂಗ್, ಅಂದರೆ ಉಸುಕಿನ ಅಚ್ಚು ಮಾಡುವ ಕೆಲಸ, ನಿಲ್ಲುತ್ತದೆ. 2018ರ ಜುಲೈನಲ್ಲಿ ಸರ್ಕಾರ ಲಾರಿಗಳು ಹೊರಬಹುದಾದ ಭಾರವನ್ನು ಶೇಕಡಾ 20ರಿಂದ 25ರಷ್ಟು ಏರಿಸಿತು. ಇದ್ದ ಲಾರಿಯಲ್ಲೇ ಜಾಸ್ತಿ ಮಾಲು ಹೋಗುವಾಗ ಹೊಸದು ಯಾರಿಗೆ ಬೇಕು? ಅದರ ಬೆನ್ನಿಗೇ ಫೈನಾನ್ಸ್ ಕಂಪನಿಗಳಲ್ಲಿ ಸಾಲ ಸಿಗುವುದು ಕಷ್ಟವಾಯಿತು, ಗಾಡಿಗಳ ಹೊಗೆಗೆ ಬರಲಿದ್ದ ಬಿಎಸ್ 6 ನಿಯಮದ ಗೊಂದಲ ಬೇರೆ. ಇದರಲ್ಲಿ ನನ್ನಂಥ ಮೋಲ್ಡರನ ತಪ್ಪು ಏನಿದೆ? ಏನೂ ಇಲ್ಲ. ಆದರೆ ಮೊದಲ ಸಲ ನಾನು ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ.

ಎರಡನೇ ಸಲ, ಕೆಲಸ ಕಮ್ಮಿಯಾಗುತ್ತಿದೆ ಅಂತ ಮೊದಲು ಗುರುತಿಸಿದ್ದು ನನ್ನ ಹೆಂಡತಿ. ಫೌಂಡ್ರಿಯ ಅಂಗಿ ಬಕೆಟ್‌ನಲ್ಲಿ ನೆನೆಸಿದರೆ ನೀರು ಇದ್ದಿಲು ಕದಡಿದ ಹಾಗೆ ಆಗುತ್ತದೆ, ತಳದಲ್ಲಿ ಬೆರಳಿಗೆ ಸಿಗುವಷ್ಟು ಉಸುಕು ಕೂರುತ್ತದೆ. ಒಂದು ದಿನ ಆಕೆ ಬಕೆಟ್ ವಾಲಿಸಿ ತೋರಿಸಿದಳು. "ನೀರು ಕರ್ರಗ ಆಗವಲ್ದು ನೋಡ್ರಿ. ಕೆಲಸ ಕಮ್ಮಿ ಆಗೇತೇನು?" ರಾತ್ರಿ ಶಿಫ್ಟ್ ನಿಂತು ಎರಡು ವಾರ ಆಗಿತ್ತು, ನಾನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವತ್ತೇ ಇಬ್ಬರೂ ಕೂತು ಲೆಕ್ಕ ಬರೆದೆವು.

2009ರಲ್ಲಿ ಹಾಗೆ ಕೂತಿರಲಿಲ್ಲ. ಓಟಿ ನಂಬಿ ಬೈಕ್ ತಗೊಂಡಿದ್ದೆ, ಕಂತು ಕಟ್ಟಲಾಗದೆ ಗಾಡಿ ಹೋಯಿತು. ಆಮೇಲೆ ಎಂಟು ತಾಸಿನ ಸಂಬಳದಲ್ಲೇ ಮನೆ ನಡೆಸುವುದು, ಓಟಿ ಪೂರ್ತಿ ಪೋಸ್ಟ್ ಆಫೀಸಿನ ಆರ್‌ಡಿಗೆ ಹಾಕುವುದು ಅಂತ ಮಾಡಿಕೊಂಡೆವು. 2019ರಲ್ಲಿ ಐದು ತಿಂಗಳು ಅದರ ಮೇಲೆಯೇ ದೂಡಿದೆವು, ಜೊತೆಗೆ ಕಬ್ಬಿನ ಹಂಗಾಮು ಶುರುವಾದಾಗ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಹೆಲ್ಪರ್ ಕೆಲಸ ಸಿಕ್ಕಿತು.

ಕಾಗದದ ಮಾತು ಹೇಳಲೇಬೇಕು, ಇದರಲ್ಲಿ ನಾನು ಕಳೆದುಕೊಂಡಿದ್ದೇನೆ. ಮೊದಲ ಸಲ "ರಾಜೀನಾಮೆ ಬರೆದುಕೊಡು, ಬೇಗ ಸೆಟಲ್ ಮಾಡ್ತೀವಿ" ಅಂದರು, ಬರೆದುಕೊಟ್ಟೆ. ಕಂಪನಿಯೇ ಕೆಲಸದಿಂದ ತೆಗೆದರೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ. ಒಂದು ಸಹಿಗೆ ಅದು ಹೋಯಿತು. ಆದ್ದರಿಂದ ಯಾರು ಎಷ್ಟು ಅವಸರ ಮಾಡಿದರೂ ಓದದೆ ಸಹಿ ಹಾಕಬೇಡಿ, ಪೇ ಸ್ಲಿಪ್ ಒಂದೂ ಎಸೆಯಬೇಡಿ. ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಕಟ್ ಆಗುತ್ತಿದ್ದರೆ, ಕೆಲಸ ಹೋದವರಿಗೆ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಗ್ಗೆ ಅವರ ಆಫೀಸಿನಲ್ಲಿ ಕೇಳಿ. ಅದು 2018ರಲ್ಲಿ ಬಂದದ್ದು. 2020ರಲ್ಲಿ ಭತ್ಯೆಯನ್ನು ಸರಾಸರಿ ದಿನಗೂಲಿಯ ಅರ್ಧಕ್ಕೆ ಏರಿಸಿದರು, 90 ದಿನದವರೆಗೆ. ಈಗಿನ ಷರತ್ತು ಏನು ಅಂತ ಅಲ್ಲೇ ಖಚಿತ ಮಾಡಿಕೊಳ್ಳಿ.

ಇನ್ನು ಲೈನ್ ಯಾಕೆ ಬಿಡಲಿಲ್ಲ ಅಂದರೆ, ನನ್ನ ಕೈಗೆ ಗೊತ್ತಿರುವುದು ಇದೇ. ಒಂದು ಮುಷ್ಟಿ ಉಸುಕು ಒತ್ತಿ ಹಿಡಿದು ಮುರಿದರೆ ತೇವ ಎಷ್ಟಿದೆ, ಅಚ್ಚು ನಿಲ್ಲುತ್ತೋ ಇಲ್ಲವೋ ಹೇಳಬಲ್ಲೆ. ಅದನ್ನು ಕಲಿಯಲು ವರ್ಷಗಳು ಹಿಡಿದಿವೆ. ಕೆಲಸ ಮರಳಿ ಬಂದಾಗ ಅಂಥ ಕೈಗೇ ಮೊದಲು ಫೋನ್ ಬರುತ್ತದೆ, ನನಗೂ ಬಂತು.

ಈಗ ಮೂರೂ ಶಿಫ್ಟ್ ನಡೆಯುತ್ತಿವೆ. ಮೊನ್ನೆ ಒಬ್ಬ ಹುಡುಗ ಮೊಬೈಲ್‌ನಲ್ಲಿ ಬೈಕಿನ ಕಂತಿನ ಲೆಕ್ಕ ತೋರಿಸಿದ, ಓಟಿ ಎಲ್ಲಾ ಸೇರಿಸಿ. "ಓಟಿ ತಗದು ಇನ್ನೊಮ್ಮೆ ಕೂಡ್ಸು ತಮ್ಮಾ" ಅಂದೆ. ಕೂಡಿಸಿ ನೋಡಿ, ಮೊಬೈಲ್ ಜೇಬಿಗೆ ಹಾಕಿಕೊಂಡ.